ಎರೆ, ಕೆಂಪು ರಾಡಿ, ಕಲ್ಲುದಾರಿ: ಕಡಿಮೆ ದುಡ್ಡಿಗೆ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಆರಿಸುವ ಬಗೆ

ಡೋಣಿ ಹರಿದರೆ ಓಣೆಲ್ಲ ಜೋಳ ಅಂತ ವಿಜಯಪುರದ ಕಡೆ ಒಂದು ಮಾತಿದೆ. ಡೋಣಿ ಅಂದರೆ ಅಲ್ಲಿಯ ಹೊಳೆ. ಆ ಜೋಳ ಬೆಳೆಯುವ ಎರೆಯಲ್ಲೇ, ಅಂದರೆ ಕಪ್ಪು ಮಣ್ಣಿನಲ್ಲೇ, ನನ್ನ ಮೊದಲ ಜೀಪು ಹೂತಿತ್ತು. ತಾಳಿಕೋಟೆ ಹತ್ತಿರ ನೆಂಟರ ಹೊಲಕ್ಕೆ ಹೊರಟಿದ್ದೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಫೋರ್ ವೀಲ್ ಡ್ರೈವ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಲಿವರ್ ಎಳೆದು ದಾರಿ ಬಿಟ್ಟು ಇಳಿಸಿದೆ. ಇಪ್ಪತ್ತು ಮಾರು ಹೋಗಿರಲಿಲ್ಲ, ಗಾಡಿ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಟ್ರ್ಯಾಕ್ಟರ್ ತಂದ ಹುಡುಗ ಒಂದು ನಿಮಿಷ ನೋಡಿ ಹೇಳಿದ: "ಅಣ್ಣಾರ, ಹಿಂದಿನ ಗಾಲಿ ಅಷ್ಟ ತಿರಗಾಕತ್ತಾವ್ರೀ. ಮುಂದಿನವು ಸುಮ್ನ ಕುಂತಾವ."

ಮರುದಿನ ಮಿಸ್ತ್ರಿ ಮುಂದಿನ ಗಾಲಿಯ ನಡುವಿನ ಹಬ್ ಬಿಚ್ಚಿದರು. ಒಳಗೆ ಗಾಲಿಗೆ ಬಲ ಒಯ್ಯುವ ಆಕ್ಸಲ್ ಶಾಫ್ಟೇ ಇರಲಿಲ್ಲ. ಹಿಂದಿನ ಯಾರೋ ಮಾಲೀಕರು ಮೈಲೇಜ್ ಆಸೆಗೋ, ಬೇರೆ ಗಾಡಿಗೆ ಬೇಕೆಂದೋ ಅದನ್ನು ತೆಗೆದಿಟ್ಟುಕೊಂಡಿದ್ದರು. ಲಿವರ್ ಇತ್ತು, ಆಕ್ಸಲ್ ಕೂರುವ ಮುಂದಿನ ಹೌಸಿಂಗ್ ಇತ್ತು, ಅದಕ್ಕೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಕೂಡ ತಿರುಗುತ್ತಿತ್ತು. ಗಾಲಿಗೆ ಮಾತ್ರ ಏನೂ ತಲುಪುತ್ತಿರಲಿಲ್ಲ. ಕೊಳ್ಳುವ ದಿನ ನಾನು ಪೇಂಟ್ ನೋಡಿದ್ದೆ, ಸೀಟು ನೋಡಿದ್ದೆ, ಹೊಸ ಟೈರ್ ನೋಡಿ ಖುಷಿಪಟ್ಟಿದ್ದೆ. ಗಾಡಿಯ ಕೆಳಗೆ ಬಗ್ಗಿರಲಿಲ್ಲ.

ಆ ಮೇಲೆ ಗೆಳೆಯರಿಗಾಗಿ, ಬಂಧುಗಳಿಗಾಗಿ ಬಹಳ ಗಾಡಿಗಳ ಕೆಳಗೆ ಮಲಗಿ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಶಕ್ತಿಯ ಗಾಡಿ ಹುಡುಕಬೇಡಿ. ನಿಮ್ಮ ಮಣ್ಣಿಗೆ ಹೊಂದುವ, ಕೆಳಗಡೆ ಗಟ್ಟಿ ಇರುವ, ನಿಮ್ಮ ಊರಿನ ಮಿಸ್ತ್ರಿಗೆ ಗೊತ್ತಿರುವ ಗಾಡಿ ಹುಡುಕಿ.

ಮೊದಲು ನಿಮ್ಮ ಮಣ್ಣು ನೋಡಿ

ಆಫ್ ರೋಡ್ ಅಂತ ಒಂದೇ ಹೆಸರು ಇಟ್ಟರೂ ನಮ್ಮ ಮೂರು ಜಿಲ್ಲೆಗಳಲ್ಲಿ, ಅಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ, ನೆಲ ಒಂದೇ ಥರ ಇಲ್ಲ.

ವಿಜಯಪುರ ಮತ್ತು ಬಾಗಲಕೋಟೆಯ ಬಹುಪಾಲು ಎರೆ. ಒಣಗಿದಾಗ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಹಸಿ ಎರೆ ಟೈರಿನ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಎರಡು ಸುತ್ತು ತಿರುಗುವುದರೊಳಗೆ ಎಷ್ಟೇ ಒಳ್ಳೆಯ ಟೈರಾದರೂ ಉಂಡೆಯ ಹಾಗೆ ನುಣ್ಣಗಾಗಿಬಿಡುತ್ತದೆ. ಆಮೇಲೆ ಗಾಲಿಯ ಮೇಲಿನ ಮಡ್‌ಗಾರ್ಡ್ ಒಳಗೂ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಭಾರದ ಗಾಡಿ ಶತ್ರು. ಹಗುರ ಗಾಡಿ, ಅಗಲ ಸಂದುಗಳಿರುವ ಮಡ್ ಟೈರ್, ಟೈರಿಗೂ ಬಾಡಿಗೂ ನಡುವೆ ಕೈ ಹಾಕುವಷ್ಟು ಜಾಗ, ಇವು ಬೇಕು. ಇಷ್ಟೆಲ್ಲ ಇದ್ದರೂ ಜೋರು ಮಳೆಯಾದ ಮರುದಿನ ಎರೆಗೆ ಇಳಿಯಬಾರದು. ಎರಡು ದಿನ ಬಿಸಿಲು ಬೀಳಲಿ.

ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಬೇರೆಯೇ ಲೋಕ. ಮಳೆಗಾಲವೆಲ್ಲ ಸುರಿಯುವ ಮಳೆ, ಕೆಂಪು ರಾಡಿ, ಅದರ ಕೆಳಗೆ ಗಟ್ಟಿ ಜಂಬಿಟ್ಟಿಗೆ. ಟೈರ್ ರಾಡಿ ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿದರೆ ಗಾಡಿ ಮೇಲೇರುತ್ತದೆ. ಇಲ್ಲಿ ಏರು, ಇಳಿಜಾರು, ಹಳ್ಳ ದಾಟುವುದು ಜಾಸ್ತಿ. ಹಾಗಾಗಿ ಲೋ ಗೇರ್ (ಮುಂದೆ ಹೇಳುವ 4L) ಇಲ್ಲದ ಗಾಡಿ ಈ ಕಡೆಯವರಿಗೆ ಬೇಡ. ಎಂಜಿನ್ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನೂ ನೋಡಬೇಕು. ಖಾನಾಪುರ ತಾಲೂಕಿನಲ್ಲೇ ಭೀಮಗಡ ವನ್ಯಜೀವಿ ಧಾಮ ಇದೆ. ಕಾಡಿನೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಅಲ್ಲಿನ ಪ್ರಾಣಿಗಳಿಗೆ, ಹಳ್ಳದ ನೀರಿಗೆ ಅದು ನಿಜವಾದ ಹಾನಿ. ದಯವಿಟ್ಟು ಹೋಗಬೇಡಿ. ಹೊಲದ ದಾರಿ, ಊರಿಂದ ಊರಿಗೆ ಹೋಗುವ ಹಳೆಯ ಬಂಡಿದಾರಿ, ಒಪ್ಪಿಗೆ ಕೊಟ್ಟವರ ಸ್ವಂತ ಜಾಗ, ಇಷ್ಟು ಸಾಕು.

ಬಾದಾಮಿ ಸುತ್ತ ಮರಳುಗಲ್ಲು. ಗೋಕಾಕ ಸುತ್ತಲೂ ಕಲ್ಲುಮಡ್ಡಿ. ಇಲ್ಲಿ ಕೆಸರಿಗಿಂತ ಕಲ್ಲಿನ ಅಂಚು ಅಪಾಯ. ಟೈರಿನ ಪಕ್ಕೆ ಸೀಳುತ್ತದೆ, ಹೌಸಿಂಗ್‌ಗೆ ಪೆಟ್ಟು ಬೀಳುತ್ತದೆ. ಆಲ್ ಟೆರೇನ್ ಟೈರ್ ಮತ್ತು ಕೆಳಗೆ ಪೆಟ್ಟು ತಡೆಯುವ ಲೋಹದ ತಗಡು, ಅಂದರೆ ಸ್ಕಿಡ್ ಪ್ಲೇಟ್, ಇದ್ದರೆ ಅರ್ಧ ಚಿಂತೆ ಮುಗಿಯಿತು.

ಇನ್ನೊಂದು ದಾರಿ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಧೋಳ, ಜಮಖಂಡಿ, ಚಿಕ್ಕೋಡಿ ಕಡೆಯ ಕಬ್ಬಿನ ದಾರಿ. ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರೇಲರ್‌ಗಳು ಓಡಾಡಿ ಎರಡು ಆಳವಾದ ಜಾಡು ಬಿದ್ದಿರುತ್ತವೆ, ನಡುವೆ ದಿಬ್ಬ. ಟ್ರೇಲರ್ ಗಾಲಿಗಳ ಅಗಲ ಬೇರೆ, ನಿಮ್ಮ ಗಾಡಿಯ ಅಗಲ ಬೇರೆ. ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ ನಿಲ್ಲುತ್ತದೆ. ಇಂಥಲ್ಲಿ ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಅನ್ನುವುದು ನೇರವಾಗಿ ಕೆಲಸಕ್ಕೆ ಬರುತ್ತದೆ. ಅಳೆಯುವಾಗ ಬಾಡಿಯ ಕೆಳಗೆ ಅಳೆಯಬೇಡಿ. ಹಿಂದಿನ ಆಕ್ಸಲ್ ನಡುವೆ ಗುಂಡಗೆ ಉಬ್ಬಿದ ಹೌಸಿಂಗ್ ಇರುತ್ತದಲ್ಲ, ಅದರ ಕೆಳಗೆ ಟೇಪ್ ಹಿಡಿಯಿರಿ. ಮೊದಲು ತಾಗುವುದು ಅದೇ.

ದುಡ್ಡನ್ನು ಎರಡು ಪಾಲು ಮಾಡಿ

ನಿಮ್ಮ ಕೈಯಲ್ಲಿ 5 ಲಕ್ಷ ಇದೆ ಅಂದುಕೊಳ್ಳಿ. 5 ಲಕ್ಷದ ಗಾಡಿ ಕೊಳ್ಳಬೇಡಿ. 3.5 ಲಕ್ಷದಿಂದ 3.75 ಲಕ್ಷದೊಳಗಿನ ಗಾಡಿ ಕೊಳ್ಳಿ. ಉಳಿದದ್ದನ್ನು ಮುಟ್ಟಬೇಡಿ. ಹಳೆಯ ಫೋರ್ ವೀಲ್ ಗಾಡಿ ಮನೆಗೆ ಬಂದ ಮೂರು ತಿಂಗಳಲ್ಲಿ ಟೈರ್, ಬುಷ್, ಬೇರಿಂಗ್, ಕ್ಲಚ್, ಬ್ರೇಕ್ ಅಂತ ಕೇಳಿಯೇ ಕೇಳುತ್ತದೆ. ಆ ಹಣ ಇಲ್ಲದಿದ್ದರೆ ಗಾಡಿ ಅಂಗಳದಲ್ಲಿ ನಿಲ್ಲುತ್ತದೆ. ಹಾಗೆ ನಿಂತ ಗಾಡಿಗಳನ್ನು ಹಳ್ಳಿ ಹಳ್ಳಿಯಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ.

4x4 ಅಂತ ಸ್ಟಿಕರ್ ಇದ್ದರೆ ಸಾಲದು

ಮೂರು ಗುರುತುಗಳು ತಿಳಿದಿರಲಿ. 2H ಅಂದರೆ ಹಿಂದಿನ ಎರಡು ಗಾಲಿಗೆ ಮಾತ್ರ ಬಲ. 4H ಅಂದರೆ ನಾಲ್ಕಕ್ಕೂ, ಮಾಮೂಲಿ ವೇಗದಲ್ಲಿ. 4L ಅಂದರೆ ನಾಲ್ಕಕ್ಕೂ, ವೇಗ ಇಳಿದು ಎಳೆತ ಹೆಚ್ಚಿ. ಈ ಹಂಚಿಕೆ ಮಾಡುವ ಡಬ್ಬಿಗೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. 4Lನ ಬೆಲೆ ಗೊತ್ತಾಗುವುದು ಇಳಿಜಾರಿನಲ್ಲಿ. ಮೊದಲ ಗೇರ್ ಹಾಕಿ ಬ್ರೇಕ್ ಮುಟ್ಟದೆ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಬರುತ್ತದೆ. ರಾಡಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಲಿ ಜಾರುತ್ತದೆ, ಗಾಡಿ ಅಡ್ಡ ತಿರುಗುತ್ತದೆ.

ಹಳೆಯ ಜೀಪು, ಜಿಪ್ಸಿ, ಥಾರ್‌ಗಳನ್ನು ಗಟ್ಟಿ ಡಾಂಬರಿನ ಮೇಲೆ 4H ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ. ಆ ವ್ಯತ್ಯಾಸವನ್ನು ನುಂಗಲು ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಮಣ್ಣಿನಲ್ಲಿ ಗಾಲಿ ಸ್ವಲ್ಪ ಜಾರಿ ಸರಿ ಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಶಾಫ್ಟ್‌ಗಳು ಬಿಗಿದುಕೊಳ್ಳುತ್ತವೆ. ಮಾರುವವರು ಡಾಂಬರಿನ ಮೇಲೇ 4H ಹಾಕಿ ತೋರಿಸಲು ಬಂದರೆ ಬೇಡ ಅನ್ನಿ. ಅವರು ಮೊದಲಿನಿಂದಲೂ ಹಾಗೆಯೇ ಓಡಿಸಿರಬಹುದು.

ಇನ್ನೊಂದು ಮುಖ್ಯ ವಿಷಯ. ಒಂದೇ ಹೆಸರಿನ ಗಾಡಿ ಎರಡು ಬಗೆಯಲ್ಲೂ ಬಂದಿರುತ್ತದೆ. ಬೊಲೆರೊ, ಸ್ಕಾರ್ಪಿಯೊ, ಸಫಾರಿಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿಯ ಗಾಡಿಗಳೇ. ಹಳೆಯ ಥಾರ್ ಡಿಐ ಕೂಡ ಎರಡೂ ಬಗೆಯಲ್ಲಿ ಸಿಗುತ್ತಿತ್ತು. ಹೊಸ ಥಾರ್‌ನಲ್ಲೂ 2023ರಿಂದ ಬರೀ ಹಿಂದಿನ ಗಾಲಿಯ ಮಾದರಿ ಬಂದಿದೆ. ಆರ್‌ಸಿಯಲ್ಲಿ ಮಾಡೆಲ್ ಹೆಸರಿನ ಸಾಲು ಓದಿ. ಅನೇಕ ಗಾಡಿಗಳಿಗೆ ಅಲ್ಲೇ ಬರೆದಿರುತ್ತದೆ.

ಯಾವ ಗಾಡಿ

ಎರೆಯವರಿಗೆ ನನ್ನ ಮೊದಲ ಆಯ್ಕೆ ಮಾರುತಿ ಜಿಪ್ಸಿ. 1985ರಲ್ಲಿ ಬಂದದ್ದು. ಮೊದಲಿನವಕ್ಕೆ 970 ಸಿಸಿ ಎಂಜಿನ್, ಆಮೇಲೆ ಬಂದ ಜಿಪ್ಸಿ ಕಿಂಗ್‌ಗೆ 1.3 ಲೀಟರ್. ಕೊಳ್ಳುವುದಾದರೆ 2000ದ ಸುಮಾರಿಗೆ ಕಾರ್ಬ್ಯುರೇಟರ್ ಬದಲು ಎಂಪಿಎಫ್‌ಐ (ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಬಂದ ನಂತರದ್ದನ್ನೇ ನೋಡಿ. ತೂಕ ಒಂದು ಟನ್ನಿನ ಆಸುಪಾಸು. ಎರಡು ಟನ್ ದಾಟುವ ಸಫಾರಿ ಸ್ಟಾರ್ಮ್ ಹೂತುಹೋಗುವ ಕಡೆ ಜಿಪ್ಸಿ ತೇಲಿದ ಹಾಗೆ ಹೋಗುತ್ತದೆ. ಹೂತರೂ ನಾಲ್ಕು ಜನ ಸೇರಿ ತಳ್ಳಿ ಹೊರತರುವುದು ಭಾರದ ಗಾಡಿಗಿಂತ ಸುಲಭ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವಾರಿ ಒರಟು, ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ಕೂರಿಸುವ ಹಾಗಿಲ್ಲ. ದಿನಾ ಓಡಾಡುವ ಗಾಡಿ ಅದಲ್ಲ.

ಮಹೀಂದ್ರಾದ ಹಳೆಯ ಎಂಎಂ 540, 550 ಜೀಪುಗಳು ಕಡಿಮೆ ದುಡ್ಡಿಗೆ ಸಿಗುತ್ತವೆ. ಪ್ಯೂಜೋ ಅಥವಾ ಡಿಐ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಯಾವ ತಾಲೂಕಿನಲ್ಲಿ ನಿಂತರೂ ಹಳೆಯ ಮಿಸ್ತ್ರಿ ಒಬ್ಬರು ಸ್ಪ್ಯಾನರ್ ಹಿಡಿದು ಸರಿಮಾಡುತ್ತಾರೆ. ನಿಧಾನ, ಗದ್ದಲ ಜಾಸ್ತಿ, ಬ್ರೇಕ್ ಹಳೆಯ ಕಾಲದ್ದು. ಆದರೆ ಗಾಡಿ ಕೆಲಸ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಥಾರ್ ಸಿಆರ್‌ಡಿಇ, ಅಂದರೆ 2010ರಿಂದ 2020ರ ಹೊಸ ಥಾರ್ ಬರುವ ಮುಂಚಿನದು. 2.5 ಲೀಟರ್ ಡೀಸೆಲ್, 105 ಎಚ್‌ಪಿ, ಹಿಂದೆ ಪಾಟಾ, ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗ್ ಹಾಗೆ ತಿರುಚಿಕೊಳ್ಳುವ ಸರಳು). ಎಳೆತ ಚೆನ್ನಾಗಿದೆ, ಬಿಡಿಭಾಗ ಎಲ್ಲ ಕಡೆ ಸಿಗುತ್ತವೆ. ಮೂರೂ ಜಿಲ್ಲೆಗೆ ಹೊಂದುವ ಒಂದು ಗಾಡಿ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಬಾಡಿ ತುಕ್ಕು ಮಾತ್ರ ಹುಷಾರಾಗಿ ನೋಡಬೇಕು.

ಸ್ಕಾರ್ಪಿಯೊ ಮತ್ತು ಸಫಾರಿ 4x4 ಮನೆಮಂದಿಯೆಲ್ಲ ಕೂರುವ ಗಾಡಿಗಳು. ವಾರವೆಲ್ಲ ಊರು ತಿರುಗಿ, ರಜೆಗೆ ಜಾಂಬೋಟಿ ಕಡೆ ಹೋಗುವವರಿಗೆ ಸರಿ. ಲಿವರ್ ಬದಲು ಸ್ವಿಚ್ ತಿರುಗಿಸಿ 4H ಹಾಕುವ ಮಾದರಿಗಳಲ್ಲಿ ಟ್ರಾನ್ಸ್‌ಫರ್ ಕೇಸಿನ ಮೇಲೆ ಒಂದು ಚಿಕ್ಕ ಮೋಟಾರು ಇರುತ್ತದೆ. ವರ್ಷಗಟ್ಟಲೆ ಯಾರೂ 4H ಹಾಕದಿದ್ದರೆ ಅದು ಜಾಮ್ ಆಗಿರುತ್ತದೆ. ಕೆಲವು ಮಹೀಂದ್ರಾ ಗಾಡಿಗಳಲ್ಲಿ ಮುಂದಿನ ಹಬ್ ವ್ಯಾಕ್ಯೂಮ್‌ನಿಂದ ಆಕ್ಸಲ್ ಶಾಫ್ಟನ್ನು ಹಿಡಿಯುತ್ತದೆ. ಆ ತೆಳು ಪೈಪ್ ಸೀಳಿದ್ದರೆ ದೀಪ ಹತ್ತುತ್ತದೆ, ಗಾಲಿ ಎಳೆಯುವುದಿಲ್ಲ.

ಫೋರ್ಸ್ ಗೂರ್ಖಾ ಬಗ್ಗೆ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಟ್ರ್ಯಾಕ್ಸ್, ಕ್ರೂಸರ್‌ಗಳಿಗೆ ಬಂದ 2.6 ಲೀಟರ್ ಡೀಸೆಲ್ ಮನೆತನದ ಎಂಜಿನ್ನೇ ಹಳೆಯ ಗೂರ್ಖಾಕ್ಕೂ ಇದೆ. ವಿಜಯಪುರದಲ್ಲಿ ಕ್ರೂಸರ್ ಬಿಚ್ಚಿ ಜೋಡಿಸದ ಗ್ಯಾರೇಜ್ ಎಲ್ಲಿದೆ ಹೇಳಿ! 2013ರ ನಂತರದ ಗೂರ್ಖಾ 4x4ಗೆ ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್ ಲಾಕ್ ಬಂದವು, ಗಾಳಿ ಎಳೆಯಲು ಎತ್ತರದ ಸ್ನಾರ್ಕೆಲ್ ಕೂಡ. ಒಂದು ಗಾಲಿ ಗಾಳಿಯಲ್ಲಿ ನಿಂತರೂ ಉಳಿದವು ಎಳೆಯುತ್ತವೆ. ಖಾನಾಪುರದ ದಾರಿಗೆ ಒಳ್ಳೆಯ ಜೋಡಿ. ನಿಧಾನ ಗಾಡಿ, ಬೆಂಗಳೂರಿಗೆ ಹೋಗಿ ಬರಲು ಅಲ್ಲ.

ಹೊಲದ ಕೆಲಸವೂ ಆಗಬೇಕು ಅನ್ನುವ ರೈತರು ಬೊಲೆರೊ ಕ್ಯಾಂಪರ್ 4x4 ಹುಡುಕಲಿ. ರೆನೋ ಡಸ್ಟರ್ ಆಲ್ ವೀಲ್ ಡ್ರೈವ್ ಓಡಿಸಲು ಹಿತ, ಹಸಿ ದಾರಿಗೆ ಸಾಕು, ಆದರೆ ಲೋ ಗೇರ್ ಇಲ್ಲ. ಇಸುಜು ವಿ-ಕ್ರಾಸ್ ಗಟ್ಟಿ ಗಾಡಿ, ಉದ್ದ ಜಾಸ್ತಿ, ಕಡಿದಾದ ಹಳ್ಳದ ದಂಡೆಯಲ್ಲಿ ಹಿಂಭಾಗ ತಾಗುತ್ತದೆ. ಜಿಮ್ನಿ 2023ರಲ್ಲಿ ಬಂದದ್ದು, ಇನ್ನೂ ಕಡಿಮೆ ಬೆಲೆಗೆ ಇಳಿದಿಲ್ಲ.

ಎಲ್ಲಿಯ ಗಾಡಿ, ಯಾರ ಹೆಸರಿನದು

ಮೊದಲು ನಮ್ಮದೇ ನಂಬರಿನ ಗಾಡಿ ನೋಡಿ. ಬೆಳಗಾವಿಯ ಕೆಎ 22, ಚಿಕ್ಕೋಡಿಯ ಕೆಎ 23, ಗೋಕಾಕದ ಕೆಎ 49, ವಿಜಯಪುರದ ಕೆಎ 28, ಬಾಗಲಕೋಟೆಯ ಕೆಎ 29, ಜಮಖಂಡಿಯ ಕೆಎ 48. ಕಾಗದದ ತಲೆನೋವು ಕಡಿಮೆ, ಹಳೆಯ ಮಾಲೀಕರ ಮನೆಗೆ ಹೋಗಿ ಮಾತಾಡಿಸಬಹುದು.

ಕೊಲ್ಲಾಪುರ, ಸಾಂಗ್ಲಿ, ಗೋವಾ ಹತ್ತಿರವೇ ಇವೆ, ಅಲ್ಲಿ ಅಗ್ಗಕ್ಕೆ ಕಾಣುತ್ತದೆ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಲೇಬೇಕು. ಕರ್ನಾಟಕದ ರೋಡ್ ಟ್ಯಾಕ್ಸ್ ಹೊಸದಾಗಿ ಕಟ್ಟಬೇಕು. ಆ ಟ್ಯಾಕ್ಸ್ ಎಷ್ಟು ಬರುತ್ತದೆ ಅಂತ ನಿಮ್ಮ ಆರ್‌ಟಿಒದಲ್ಲಿ ಕೇಳಿ, ಬೆಲೆಗೆ ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ. ದೆಹಲಿಯ ಡೀಸೆಲ್ ಗಾಡಿಗಳೂ ಇದೇ ಲೆಕ್ಕ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದದ್ದರಿಂದ ಅವು ದಕ್ಷಿಣಕ್ಕೆ ಬರತೊಡಗಿದವು.

ಗೋವಾದ ಗಾಡಿಯಲ್ಲಿ ಸಮುದ್ರದ ಉಪ್ಪುಗಾಳಿಯ ತುಕ್ಕು ಇರಬಹುದು. ನದಿ ಬಯಲಿನ ಗಾಡಿಯಲ್ಲಿ ನೆರೆಯ ನೀರು ಹೊಕ್ಕಿರಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದಾಗ ನಮ್ಮಲ್ಲೇ ಎಷ್ಟೋ ಗಾಡಿ ಮುಳುಗಿದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಒಳಗಿನ ಭಾಗದಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಹೆಡ್‌ಲೈಟ್ ಒಳಗೆ ಕೆಸರಿನ ಕಲೆ ಇದ್ದರೆ ಮುಂದಿನ ಮಾತೇ ಬೇಡ.

ಪರಿವಾಹನ ತಾಣದಲ್ಲಿ ಅಥವಾ ಎಂ-ಪರಿವಾಹನ ಆ್ಯಪ್‌ನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಬ್ಯಾಂಕ್ ಸಾಲ ಇದೆಯೇ, ಇನ್ಶೂರೆನ್ಸ್ ಯಾವತ್ತಿನವರೆಗೆ, ಎಲ್ಲ ಸಿಗುತ್ತದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. 14 ವರ್ಷದ ಗಾಡಿ ಕೊಳ್ಳುತ್ತಿದ್ದರೆ ಆ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಎಂಜಿನ್ ಬದಲಿಸಿದ ಜೀಪುಗಳು ಬಹಳ ಇವೆ. ಬದಲಿಸಿದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನಿಮ್ಮ ಕಣ್ಣಿನಿಂದ ಓದಿ ಆರ್‌ಸಿ ಜೊತೆ ಹೋಲಿಸಿ. ಒಂದು ಅಂಕಿ ತಪ್ಪಿದರೂ ಸಂಚಕಾರ ಕೊಡಬೇಡಿ. ಮಿಲಿಟರಿ ಡಿಸ್ಪೋಸಲ್ ಜಿಪ್ಸಿ ಅಂದಾಗಲೂ ಹರಾಜಿನ ಮೂಲ ಕಾಗದ ಕೈಗೆ ಬರಬೇಕು, ಸುಮ್ನೆ ಮಾತು ನಂಬಬಾರದು.

ನೋಡಲು ಹೋಗುವ ದಿನ

ಬೆಳಿಗ್ಗೆ ಬೇಗ ಹೋಗಿ. ಹೊರಡುವ ಮುನ್ನ, ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿ. ಎಂಜಿನ್ ಮುಟ್ಟಿದಾಗ ತಣ್ಣಗಿರಬೇಕು. ಹಳೆಯ ಡೀಸೆಲ್ಲಿನ ನಿಜವಾದ ಆರೋಗ್ಯ ಗೊತ್ತಾಗುವುದು ಆ ದಿನದ ಮೊದಲ ಸ್ಟಾರ್ಟ್‌ನಲ್ಲಿ. ಹಳೆಯ ಬಟ್ಟೆ ಹಾಕಿಕೊಳ್ಳಿ. ಚಾಪೆ, ಟಾರ್ಚ್, ಚಿಕ್ಕ ಸುತ್ತಿಗೆ, ಜಾಕ್, ಗಾಲಿಗೆ ಅಡ್ಡ ಇಡಲು ಎರಡು ಕಲ್ಲು ಇರಲಿ. ಸಾಧ್ಯವಾದರೆ ನಿಮ್ಮ ಮಿಸ್ತ್ರಿಯನ್ನೂ ಕರೆದುಕೊಂಡು ಹೋಗಿ, ಅವರ ಆ ದಿನದ ಕೂಲಿ ಕೊಡಿ. ಇಷ್ಟು ಒಳ್ಳೆಯ ಖರ್ಚು ಮತ್ತೊಂದಿಲ್ಲ.

ಮೊದಲು ಚಾಸಿ. ಚಾಪೆ ಹಾಕಿ ಕೆಳಗೆ ಹೋಗಿ, ಮುಂದಿನಿಂದ ಹಿಂದಿನವರೆಗೆ ಎರಡೂ ಉದ್ದದ ಕಬ್ಬಿಣವನ್ನು ಟಾರ್ಚ್ ಹಿಡಿದು ನೋಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ದಬ್ ಅನ್ನುತ್ತದೆ. ಪಾಟಾ ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಈ ಎರಡು ಕಡೆ ಬಿರುಕು ಅಥವಾ ವೆಲ್ಡಿಂಗ್ ಇದ್ದರೆ ವಾಪಸ್ ಬನ್ನಿ. ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಹತ್ತಿರದಿಂದ ನೋಡಿ. ನನಗೆ ತೊಳೆದು ಫಳಫಳ ಮಾಡಿದ ಹೊಟ್ಟೆಗಿಂತ ಧೂಳು ಹಿಡಿದ ಹೊಟ್ಟೆಯ ಮೇಲೆ ನಂಬಿಕೆ ಜಾಸ್ತಿ. ಎಣ್ಣೆ ಎಲ್ಲಿಂದ ಸೋರುತ್ತಿದೆ ಅಂತ ಧೂಳೇ ಹೇಳುತ್ತದೆ.

ಎಣ್ಣೆಯ ಪರೀಕ್ಷೆ ಎಲ್ಲರೂ ಬಿಟ್ಟುಬಿಡುತ್ತಾರೆ. ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್, ಟ್ರಾನ್ಸ್‌ಫರ್ ಕೇಸ್, ಮೂರರದ್ದೂ ಎಣ್ಣೆ ತುಂಬುವ ಬೋಲ್ಟ್ ತೆಗೆಸಿ, ಬೆರಳು ಅದ್ದಿ. ಜೇನಿನ ಬಣ್ಣ ಅಥವಾ ಕಪ್ಪು ಇದ್ದರೆ ಪರವಾಗಿಲ್ಲ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ. ಹಳ್ಳದಲ್ಲಿ ಇಳಿದ ಬಿಸಿ ಹೌಸಿಂಗ್ ತಟ್ಟನೆ ತಣ್ಣಗಾದಾಗ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಅದನ್ನು ತಡೆಯಲು ಹೌಸಿಂಗ್ ಮೇಲೆ ಒಂದು ಉಸಿರುಕೊಳವೆ ಇರುತ್ತದೆ. ಅದು ಕೆಸರು ತುಂಬಿ ಮುಚ್ಚಿದೆಯೇ ನೋಡಿ. ಬೆರಳಿಗೆ ಮಿನುಗುವ ಲೋಹದ ಚೂರು ಹತ್ತಿದರೆ ಒಳಗಿನ ದೊಡ್ಡ ಹಲ್ಲುಗಾಲಿ, ಅಂದರೆ ಕ್ರೌನ್, ಅಥವಾ ಬೇರಿಂಗ್ ಸವೆದಿದೆ.

ಈಗ ನನ್ನ ಜೀಪಿನ ಮೋಸ ಹಿಡಿಯುವ ಪರೀಕ್ಷೆ. ಮಟ್ಟಸ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಒಂದು ಗಾಲಿಯನ್ನು ಮಾತ್ರ ಜಾಕ್‌ನಿಂದ ಎತ್ತಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. 2Hನಲ್ಲಿ ಹಬ್ ಬಿಟ್ಟಿದ್ದಾಗ ಎತ್ತಿದ ಗಾಲಿ ಕೈಯಲ್ಲಿ ಆರಾಮಾಗಿ ತಿರುಗಬೇಕು. ಈಗ ಕೈಯಿಂದ ತಿರುಗಿಸುವ ಹಬ್ ಇದ್ದರೆ ಲಾಕ್ ಮಾಡಿ, 4L ಹಾಕಿ, ಮೊದಲ ಗೇರ್ ಹಾಕಿ, ಎಂಜಿನ್ ಆಫ್ ಇರಲಿ. ಗಾಲಿ ತಿರುಗಿಸಲು ನೋಡಿ. ಸ್ವಲ್ಪ ಅಲುಗಿ ಗಟ್ಟಿಯಾಗಿ ನಿಲ್ಲಬೇಕು. ಸುಮ್ನೆ ಸುತ್ತುತ್ತಿದ್ದರೆ ಒಳಗೆ ಎಲ್ಲೋ ಸಂಪರ್ಕ ಕಡಿದಿದೆ. ಇನ್ನೊಂದು ಬದಿಗೂ ಇದನ್ನೇ ಮಾಡಿ. ವ್ಯಾಕ್ಯೂಮ್ ಹಬ್ ಇರುವ ಗಾಡಿಗೆ ಎಂಜಿನ್ ಓಡುತ್ತಿದ್ದರೇ ಹಬ್ ಹಿಡಿಯುವುದು. ಅವುಗಳಿಗೆ ಈ ಪರೀಕ್ಷೆ ಬೇಡ, ಮುಂದೆ ಹೇಳುವ ಸಡಿಲ ಮಣ್ಣಿನ ಪರೀಕ್ಷೆ ಮಾಡಿ.

ಗಾಲಿ ಎತ್ತಿರುವಾಗಲೇ 2Hಗೆ ತಂದು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಅಥವಾ ಕಿಂಗ್‌ಪಿನ್ ಸವೆದಿದೆ. ಎಡಕ್ಕೂ ಬಲಕ್ಕೂ ಅಲುಗಿಸಿದಾಗ ಸಡಿಲ ಇದ್ದರೆ ಸ್ಟೀರಿಂಗ್ ಜೋಡಣೆಗಳು. ಜಿಪ್ಸಿ, ಹಳೆಯ ಜೀಪುಗಳಲ್ಲಿ ಈ ಸಡಿಲ ಹೆಚ್ಚಾದಾಗ ಒಂದು ವೇಗಕ್ಕೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ಆಮೇಲೆ ಗಾಡಿ ಕೆಳಗಿಳಿಸಿ, ಗಾಲಿಗೆ ಕಲ್ಲು ಹಾಗೇ ಇರಲಿ, ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಚಿ ಅದರ ತುದಿಯ ಕೀಲು, ಅಂದರೆ ಕ್ರಾಸ್, ಸವೆದಿದೆಯೇ ನೋಡಿ. ಬುಷ್, ಪಿನ್, ಕ್ರಾಸ್ ಸವೆತ ದೊಡ್ಡ ವಿಷಯವಲ್ಲ. ಅಂಥ ಸಣ್ಣ ಭಾಗ ಸಿಗದಿದ್ದರೂ ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮೇಲೆ ಮಾಡಿಸಿಕೊಳ್ಳಬಹುದು. ಬೆಲೆ ಇಳಿಸಲು ಬರೆದಿಟ್ಟುಕೊಳ್ಳಿ.

ಈಗ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಲ್ಲಿ. ಮೊದಲ ಕ್ಷಣದ ಹೊಗೆ ಬಿಡಿ. ಎರಡು ನಿಮಿಷ ಆದರೂ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಡೀಸೆಲ್ ಗಾಡಿಯ ಎಣ್ಣೆ ತುಂಬುವ ಮುಚ್ಚಳ ತೆಗೆದು ಬಾಯಿಯ ಮೇಲೆ ಉಲ್ಟಾ ಇಡಿ. ಸ್ವಲ್ಪ ನಡುಗಿದರೆ ಸರಿ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿವೆ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದ್ದು. ಹೊಳೆಯುವ ಟೈರ್ ಆರು ವರ್ಷ ಹಳೆಯದಾಗಿರಬಹುದು. ಲಿಫ್ಟ್ ಮಾಡಿಸಿ ದೊಡ್ಡ ಟೈರ್ ಹಾಕಿದ ಗಾಡಿಯಿಂದ ನಾನು ದೂರ ಇರುತ್ತೇನೆ. ಆ ಭಾರವನ್ನೆಲ್ಲ ಆಕ್ಸಲ್ ಹೊತ್ತಿರುತ್ತದೆ. ಕಂಪನಿಯಿಂದ ಬಂದ ಹಾಗೇ ಇರುವ, ಸ್ವಲ್ಪ ಬಣ್ಣ ಮಾಸಿದ ಗಾಡಿಯೇ ಮೇಲು.

ಓಡಿಸಿ ನೋಡುವುದು

ಡಾಂಬರಿನಲ್ಲಿ 2Hನಲ್ಲಿ ಹತ್ತು ಕಿಲೋಮೀಟರ್ ಓಡಿಸಿ. ಬ್ರೇಕ್ ಒತ್ತಿದಾಗ ಒಂದು ಕಡೆ ಎಳೆಯುತ್ತದೆಯೇ, ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಹೊರಬರುತ್ತದೆಯೇ, ಹೌಸಿಂಗ್‌ನಿಂದ ಗುಂಯ್ ಅನ್ನುವ ಸದ್ದು ವೇಗದ ಜೊತೆ ಏರುತ್ತದೆಯೇ, ಕೇಳಿಸಿಕೊಳ್ಳಿ. ರೇಡಿಯೋ ಹಾಕಿದ್ದರೆ ಬಂದ್ ಮಾಡಿಸಿ.

ಆಮೇಲೆ ಮಣ್ಣಿಗೆ ಇಳಿಸಿ. ಸಡಿಲ ಮಣ್ಣಿನ ಒಂದು ಏರು ಹುಡುಕಿ. 4Hನಲ್ಲಿ ಹತ್ತಿ. ಪೂರ್ತಿ ನಿಲ್ಲಿಸಿ 4L ಹಾಕಿ, ಮೊದಲ ಗೇರಿನಲ್ಲಿ ಕ್ಲಚ್ ನಿಧಾನ ಬಿಡಿ. ಹೊರಗೆ ಒಬ್ಬರು ಪಕ್ಕಕ್ಕೆ ದೂರ ನಿಂತು ಮುಂದಿನ ಗಾಲಿ ಮಣ್ಣು ಕೆದರುತ್ತಿದೆಯೇ ನೋಡಲಿ. ಅದೇ ಏರಿನಲ್ಲಿ 4L, ಮೊದಲ ಗೇರ್ ಹಾಕಿ ಇಳಿಯಿರಿ, ಬ್ರೇಕ್ ಮುಟ್ಟಬೇಡಿ. ಕಟಕಟ ಸದ್ದು ಬಂದರೆ ಅಥವಾ ಲಿವರ್ ಹಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕು, ಅದು ದೊಡ್ಡ ಖರ್ಚು. ಮಾಲೀಕರು ಮಣ್ಣಿಗೆ ಇಳಿಸಲು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಬೆಲೆ ಮಾತಾಡುವಾಗ ಬರೆದಿಟ್ಟ ಪಟ್ಟಿ ಎದುರಿಗಿಟ್ಟು, ಒಂದೊಂದಕ್ಕೂ ಮಿಸ್ತ್ರಿ ಹೇಳಿದ ಖರ್ಚು ಹೇಳಿ. ಗಾಡಿಯನ್ನು ಹೀಯಾಳಿಸಬೇಡಿ. ವರ್ಷಗಟ್ಟಲೆ ಪ್ರೀತಿಯಿಂದ ಇಟ್ಟುಕೊಂಡವರಿಗೆ ನೋವಾಗುತ್ತದೆ. ಮರ್ಯಾದೆಯಿಂದ ಕೇಳಿದರೆ ಅವರೇ ಎಷ್ಟೋ ದೋಷ ಹೇಳುತ್ತಾರೆ. ಒಪ್ಪಿದ ಮೇಲೆ ಫಾರಂ 29, 30ಕ್ಕೆ ಸಹಿ, ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಆರ್‌ಸಿ ನಿಮ್ಮ ಹೆಸರಿಗೆ ಆಗುವ ತನಕ ಅಲಕ್ಷ್ಯ ಮಾಡಬೇಡಿ. ಇನ್ಶೂರೆನ್ಸ್ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಕೊಡಿ.

ಮನೆಗೆ ತಂದ ಮೇಲೆ

ಹಿಂದಿನವರು ಏನೇ ಹೇಳಲಿ, ಐದು ಕಡೆಯ ಎಣ್ಣೆ ಬದಲಿಸಿ: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಹೌಸಿಂಗ್. ಕೂಲೆಂಟ್, ಬ್ರೇಕ್ ಆಯಿಲ್, ಬೆಲ್ಟ್ ಹೊಸದು ಹಾಕಿಸಿ. ಗ್ರೀಸ್ ನಿಪ್ಪಲ್ ಒಂದನ್ನೂ ಬಿಡಬೇಡಿ. ತಿಂಗಳಿಗೆ ಒಮ್ಮೆಯಾದರೂ ಮಣ್ಣಿನ ದಾರಿಯಲ್ಲಿ 4H, 4L ಹಾಕಿ ಸ್ವಲ್ಪ ಓಡಿಸಿ, ಇಲ್ಲದಿದ್ದರೆ ಒಳಗಿನ ಭಾಗ ಜಡ್ಡು ಹಿಡಿಯುತ್ತವೆ.

ಲೈಟು, ಬಂಪರ್ ಆಮೇಲೆ. ಮೊದಲು ಒಳ್ಳೆಯ ಟೈರ್, ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಎಳೆಯುವ ಕೊಂಡಿ, ಎಳೆಯಲೆಂದೇ ಮಾಡಿದ ಪಟ್ಟಿ, ಪಟ್ಟಿ ಸಿಕ್ಕಿಸುವ ಎರಡು ಡಿ-ಶ್ಯಾಕಲ್ (ಡಿ ಆಕಾರದ ಉಕ್ಕಿನ ಕೊಂಡಿ), ಸಲಿಕೆ, ಜಾಕ್ ಕೆಳಗೆ ಇಡಲು ದಪ್ಪ ಹಲಗೆ, ಟೈರಿಗೆ ಗಾಳಿ ತುಂಬುವ ಪಂಪ್. ಎರೆಯಲ್ಲಿ ಹಲಗೆ ಇಲ್ಲದೆ ಜಾಕ್ ಇಟ್ಟರೆ ಗಾಡಿ ಮೇಲೇಳುವುದಿಲ್ಲ, ಜಾಕ್ ಕೆಳಗೆ ಹೋಗುತ್ತದೆ. ಹಗ್ಗವನ್ನು ಬಂಪರ್‌ಗೆ, ಆಕ್ಸಲ್‌ಗೆ ಕಟ್ಟಿ ಎಳೆಸಬೇಡಿ. ಎಳೆಯುವಾಗ ಸುತ್ತ ಜನ ನಿಲ್ಲಬಾರದು. ಕಿತ್ತು ಬಂದ ಕೊಂಡಿ ಜೀವ ತೆಗೆಯುತ್ತದೆ.

ಮೊದಲ ಸಲ ಒಬ್ಬರೇ ಹೋಗಬೇಡಿ, ಎರಡು ಗಾಡಿ ಇರಲಿ. ಸಡಿಲ ಮಣ್ಣಿನಲ್ಲಿ ಟೈರಿನ ಗಾಳಿ 20 ಪಿಎಸ್‌ಐ ಸುಮಾರಿಗೆ ಇಳಿಸಿ. ಟೈರ್ ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ. ಡಾಂಬರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಿ. ಬಿತ್ತಿದ ಹೊಲದ ಅಂಚಿಗೂ ಗಾಲಿ ತಾಗಿಸಬೇಡಿ. ಹಳ್ಳ ದಾಟುವುದಾದರೆ ಮೊದಲು ಕೋಲು ಹಿಡಿದು ನಡೆದು ನೋಡಿ. ನೀರು ಮೊಣಕಾಲು ದಾಟಿದರೆ ಅಥವಾ ಹರಿವು ಕಾಲು ಸೆಳೆದರೆ ಇಳಿಸಬೇಡಿ. ದಾಟಿ ಬಂದ ಮರುದಿನ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಎರಡೂ ಹೌಸಿಂಗ್‌ನ ಬೋಲ್ಟ್ ತೆಗೆದು ಬೆರಳು ಅದ್ದಿ ಬಣ್ಣ ನೋಡಿ.